ಕಂಡರಿಸುವ ಯಂತ್ರವೊಂದನ್ನು ಮನೆಯಲ್ಲಿ ಜೋಡಿಸುವುದು

ಚರಿತ್ರೆ, ಕನ್ನಡ, ಅರ್ಥಶಾಸ್ತ್ರಗಳನ್ನು ಓದುತ್ತಿರುವವರಿಗೆ ಯಂತ್ರದ ಗೊಡವೆ ಏಕೆ ಎಂಬ ಪ್ರಶ್ನೆ ಈ ತಲೆಬರಹವನ್ನು ಕಂಡೊಡನೆ ಅನೇಕ ಮಿತ್ರರಲ್ಲಿ ಹುಟ್ಟುವುದು ಸಹಜ. ಯಂತ್ರವೆಂದರೆ ಇಂಜಿನಿಯರಿಂಗ್ ಕಾಲೇಜಿನ ವಸ್ತು, ಕಲಾ ಕಾಲೇಜಿಗೂ ಅದಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಲೇಖನದ ಕೊನೆಯಲ್ಲಿ ವಾಚಕರೇ ನಿರ್ಣಯಿಸಬಹುದು.

ನಮ್ಮ ಬೀದಿಯ ಅಂಗನವಾಡಿಗೆ ಮರದ ಅಕ್ಷರಹಲಗೆಗಳು ಬೇಕಾಗಿದ್ದುವು. ಹಲಗೆಯ ಮೇಲೆ ಅಕ್ಷರವನ್ನು ಕಾಲುವೆಯಂತೆ ಕೊರೆದಿದ್ದರೆ, ಮಗು ಅದರೊಳಗೆ ಕಡ್ಡಿಯನ್ನು ಓಡಿಸುತ್ತ ಅಕ್ಷರ ಎಲ್ಲಿ ಆರಂಭವಾಗಿ ಯಾವ ಕಡೆಗೆ ತಿರುಗುತ್ತದೆಂಬುದನ್ನು ಕೈಯಿಂದಲೇ ಕಲಿಯುತ್ತದೆ. ಬರೆದು ಮುಗಿದ ಅಕ್ಷರವನ್ನು ಕಣ್ಣಿನಿಂದ ನೋಡಿ ನಕಲು ಮಾಡುವ ಮಗುವಿಗೆ ಈ ತಿಳಿವಳಿಕೆ ಬರುವುದು ತಡ. ನಮ್ಮ ಊರಿನ ಬಡಗಿಯೊಬ್ಬರು ಮಾದರಿಗಾಗಿ ಒಂದು ‘ಅ’ಕಾರವನ್ನು ಉಳಿಯಿಂದ ಕೊರೆದುಕೊಟ್ಟರು. ಅದು ಅತ್ಯಂತ ಸುಂದರವಾಗಿತ್ತು. ಆದರೆ ಅದಕ್ಕೆ ಅವರ ಅರ್ಧ ದಿನ ಹಿಡಿಯಿತು. ನಲವತ್ತೊಂಬತ್ತು ಅಕ್ಷರಗಳಿಗೆ ನ್ಯಾಯವಾದ ಕೂಲಿಯನ್ನು ಲೆಕ್ಕ ಹಾಕಿದಾಗ ಆ ಮೊತ್ತ ಅಂಗನವಾಡಿಯ ಶಕ್ತಿಗೆ ಮೀರಿದ್ದಾಗಿತ್ತು. ಆಗ ಬಿಡಿಭಾಗಗಳ ಪೆಟ್ಟಿಗೆಯಾಗಿ ದೊರೆಯುವ ಸಣ್ಣ ಕಂಡರಣೆ ಯಂತ್ರವೊಂದನ್ನು ಅಣ್ಣನ ನೆರವಿನಿಂದ ತರಿಸಿ ಮನೆಯಲ್ಲಿ ಜೋಡಿಸಿದೆನು. ಇದನ್ನು ಸಿ. ಎನ್. ಸಿ. ರೌಟರ್ ಎಂದು ಕರೆಯುತ್ತಾರೆ. ಜೋಡಿಸುವಾಗ ಕಲಿತುದನ್ನು, ಮುಂದೆ ಈ ಕೆಲಸಕ್ಕೆ ಕೈಹಾಕುವವರ ಅನುಕೂಲಕ್ಕಾಗಿ, ಕ್ರಮವಾಗಿ ಬರೆಯುತ್ತಿದ್ದೇನೆ.

೧. ಯಂತ್ರದ ಹುಟ್ಟು

ಆಜ್ಞೆಗಳನ್ನು ಮೊದಲೇ ಬರೆದಿಟ್ಟು ಅದರಂತೆ ಯಂತ್ರವನ್ನು ನಡೆಸುವ ಆಲೋಚನೆ ಹಳೆಯದು. ಫ್ರಾನ್ಸಿನ ಜಾಕಾರ್ಡ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ರಂಧ್ರಗಳುಳ್ಳ ರಟ್ಟುಗಳಿಂದ ಮಗ್ಗದ ಚಿತ್ತಾರವನ್ನು ನಿಯಂತ್ರಿಸಿದನು. ಇದೇ ತತ್ತ್ವವನ್ನು ಲೋಹ ಕೊರೆಯುವುದಕ್ಕೆ ಅನ್ವಯಿಸುವ ಯೋಚನೆಯನ್ನು ಮುಂದಿಟ್ಟವರಲ್ಲಿ ಪ್ರಮುಖನು ಅಮೆರಿಕದ ಮಿಷಿಗನ್ ಸಂಸ್ಥಾನದ ಜಾನ್ ಪಾರ್ಸನ್ಸ್. ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಗಳನ್ನು ಕರಾರುವಾಕ್ಕಾಗಿ ರೂಪಿಸುವ ಅಗತ್ಯ ಆತನ ಮುಂದಿತ್ತು. ೧೯೪೯ರಲ್ಲಿ ಅಮೆರಿಕದ ವಿಮಾನದಳ ಈ ಕೆಲಸಕ್ಕೆ ಧನಸಹಾಯ ನೀಡಿತು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಶಾಲೆ ಅದನ್ನು ಸಾಧಿಸಿ ೧೯೫೨ರಲ್ಲಿ ಪ್ರದರ್ಶಿಸಿತು. ಆಗ ಆಜ್ಞೆಗಳನ್ನು ರಂಧ್ರ ಹೊಡೆದ ಕಾಗದದ ಪಟ್ಟಿಯಲ್ಲಿ ಉಣಿಸುತ್ತಿದ್ದರು.

ಅಂದು ಒಂದು ಕೋಣೆಯನ್ನು ಬೇಡುತ್ತಿದ್ದ ನಿಯಂತ್ರಣವ್ಯವಸ್ಥೆ ಇಂದು ಅಂಗೈಯಗಲದ ಫಲಕದಲ್ಲಿ ಅಡಗಿದೆ. ೨೦೦೫ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಎಂಬ ಅಗ್ಗದ ಕಲಿಕೆಯ ಫಲಕ ಹುಟ್ಟಿತು. ೨೦೦೯ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ ಎಂಬಾತನು ಅದರ ಮೇಲೆ ಓಡುವ ‘ಗರ್ಬಲ್’ ಎಂಬ ತಂತ್ರಾಂಶವನ್ನು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟನು. ಕೇವಲ ೩೨ ಕಿಲೋಬೈಟ್ ಜ್ಞಾಪಕಶಕ್ತಿಯ ಫಲಕದಲ್ಲಿ ಅದು ಕುಳಿತುಕೊಳ್ಳುತ್ತದೆ. ಈ ಉದಾರಬುದ್ಧಿ ಇಲ್ಲದಿದ್ದರೆ ನಮ್ಮಂಥವರ ಮನೆಗೆ ಈ ಯಂತ್ರ ಬರುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

೨. ಅಂಗಾಂಗಗಳು

ನಾನು ಜೋಡಿಸಿದ ಯಂತ್ರಕ್ಕೆ ‘೩೦೧೮’ ಎಂದು ಹೆಸರು. ಅದರ ಕೆಲಸದ ಹರವು ೩೦ ಸೆಂಟಿಮೀಟರ್ ಉದ್ದ, ೧೮ ಸೆಂಟಿಮೀಟರ್ ಅಗಲ. ಹೆಸರಿನ ಮೂಲ ಇದೇ. ಅಲ್ಯೂಮಿನಿಯಮ್ ತೊಲೆಗಳ ಚೌಕಟ್ಟು, ನಯವಾದ ಉಕ್ಕಿನ ಕಂಬಿಗಳು, ಕಂಬಿಗಳ ಮೇಲೆ ಜಾರುವ ಬೇರಿಂಗುಗಳು, ಮೂರು ತಿರುಪು ದಂಡಗಳು, ಅವನ್ನು ತಿರುಗಿಸುವ ಮೂರು ಮೋಟಾರುಗಳು, ಕೊರೆಯುವ ಅಲಗನ್ನು ಹಿಡಿದು ಸುತ್ತಿಸುವ ನಾಲ್ಕನೆಯ ಮೋಟಾರು, ನಿಯಂತ್ರಣ ಫಲಕ—ಇಷ್ಟೇ ಇದರ ಸಂಸಾರ.

ಮೊದಲ ಮೂರು ಮೋಟಾರುಗಳು ಸಾಮಾನ್ಯ ಮೋಟಾರುಗಳಲ್ಲ. ಇವಕ್ಕೆ ಹೆಜ್ಜೆಯ ಮೋಟಾರು, ಎಂದರೆ ಸ್ಟೆಪರ್ ಎಂದು ಹೆಸರು. ವಿದ್ಯುತ್ತಿನ ಒಂದೊಂದು ಮಿಡಿತಕ್ಕೂ ಒಂದೊಂದೇ ಹೆಜ್ಜೆ ಇಟ್ಟು ನಿಲ್ಲುವುದು ಇವುಗಳ ಸ್ವಭಾವ. ಒಂದು ಸುತ್ತಿಗೆ ೨೦೦ ಹೆಜ್ಜೆ. ಫಲಕ ಒಂದೊಂದು ಹೆಜ್ಜೆಯನ್ನೂ ೧೬ ಕಿರುಹೆಜ್ಜೆಗಳಾಗಿ ಒಡೆಯುತ್ತದೆ. ಆದುದರಿಂದ ಸುತ್ತಿಗೆ ೩೨೦೦ ಕಿರುಹೆಜ್ಜೆಗಳಾದುವು. ತಿರುಪು ದಂಡ ಒಂದು ಸುತ್ತು ಸುತ್ತಿದರೆ ಅಲಗು ೪ ಮಿಲಿಮೀಟರ್ ಸರಿಯುತ್ತದೆ. ೩೨೦೦ನ್ನು ೪ರಿಂದ ಭಾಗಿಸಿದರೆ ಮಿಲಿಮೀಟರಿಗೆ ೮೦೦ ಕಿರುಹೆಜ್ಜೆ ಎಂಬ ಉತ್ತರ ಬರುತ್ತದೆ. ತಂತ್ರಾಂಶಕ್ಕೆ ನಾವು ತಿಳಿಸಬೇಕಾದ ಅತಿಮುಖ್ಯ ಸಂಖ್ಯೆ ಇದೇ.

ಇದನ್ನು ಕೇಳಿ ಯಂತ್ರ ಮಿಲಿಮೀಟರಿನ ಎಂಟುನೂರನೆಯ ಒಂದು ಪಾಲನ್ನೂ ತಪ್ಪದೆ ಕೊರೆಯುತ್ತದೆಂದು ಯಾರೂ ಭ್ರಮಿಸಬಾರದು. ಲೆಕ್ಕದ ಸೂಕ್ಷ್ಮತೆ ಬೇರೆ, ವಸ್ತುವಿನ ಸೂಕ್ಷ್ಮತೆ ಬೇರೆ. ಕಂಬಿ ಬಳುಕುತ್ತದೆ, ತಿರುಪಿನಲ್ಲಿ ಸಡಿಲವಿರುತ್ತದೆ, ಮರ ಒತ್ತಡಕ್ಕೆ ಅಲುಗುತ್ತದೆ. ಇವೆಲ್ಲವನ್ನೂ ಕಳೆದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನ ನಿಖರತೆಯನ್ನು ಮಾತ್ರ ನಿರೀಕ್ಷಿಸಬಹುದು. ಮರದ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕು.

೩. ಜೋಡಣೆ

ಪೆಟ್ಟಿಗೆಯೊಡನೆ ಬಂದ ಕಾಗದದಲ್ಲಿ ಚಿತ್ರಗಳಲ್ಲದೆ ವಿವರಣೆ ಇರಲಿಲ್ಲ. ಚಿತ್ರಗಳು ಯಾವ ಮೊಳೆ ಎಲ್ಲಿಗೆ ಎಂದು ಹೇಳುತ್ತವೆಯೇ ವಿನಾ ಏಕೆ ಎಂದು ಹೇಳುವುದಿಲ್ಲ. ಆದಕಾರಣ ಕಾರಣಗಳನ್ನೇ ಇಲ್ಲಿ ಒತ್ತಿ ಹೇಳುತ್ತೇನೆ.

ಎಲ್ಲಕ್ಕೂ ಮೊದಲು ಸಮತಟ್ಟಾದ ನೆಲೆ ಬೇಕು. ಅಡಿಗೆಮನೆಯ ಗ್ರಾನೈಟ್ ಕಟ್ಟೆ ಇದಕ್ಕೆ ಅತ್ಯುತ್ತಮ. ಚೌಕಟ್ಟಿನ ತೊಲೆಗಳನ್ನು ಅದರ ಮೇಲಿಟ್ಟು ತಿರುಪುಗಳನ್ನು ಅರ್ಧ ಮಾತ್ರ ಬಿಗಿಯಬೇಕು. ಅನಂತರ ಎರಡು ಕರ್ಣಗಳನ್ನೂ ಅಳೆಯಬೇಕು. ಎದುರುಬದುರಿನ ಬಾಹುಗಳು ಸಮನಾಗಿದ್ದು ಕರ್ಣಗಳೂ ಸಮನಾದರೆ ಮೂಲೆಗಳು ಲಂಬಕೋನವಾಗಿಯೇ ಇರಬೇಕು. ಒಂದೊಂದು ಮೂಲೆಯನ್ನು ಬೇರೆಯಾಗಿ ಪರೀಕ್ಷಿಸಬೇಕೆಂದರೆ, ಒಂದು ಬದಿಯಲ್ಲಿ ೧೫ ಸೆಂಟಿಮೀಟರ್, ಇನ್ನೊಂದು ಬದಿಯಲ್ಲಿ ೨೦ ಸೆಂಟಿಮೀಟರ್ ಗುರುತು ಮಾಡಿ ನಡುವಣ ದೂರ ೨೫ ಸೆಂಟಿಮೀಟರ್ ಇದೆಯೇ ಎಂದು ನೋಡಿದರಾಯಿತು. ಯಜ್ಞವೇದಿಕೆಗಳನ್ನು ಅಳೆಯಲು ಶುಲ್ಬಸೂತ್ರಕಾರರು ಹಗ್ಗ ಹಿಡಿದು ಬಳಸುತ್ತಿದ್ದ ತತ್ತ್ವ ಇದೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಕರ್ಣಗಳು ಸರಿಹೋದ ಮೇಲೆಯೇ ತಿರುಪುಗಳನ್ನು ಪೂರ್ತಿ ಬಿಗಿಯಬೇಕು. ಅಡಿಪಾಯ ಸೊಟ್ಟಗಾದರೆ ಮೇಲಿನ ಯಾವ ಜಾಣತನವೂ ಅದನ್ನು ನೆಟ್ಟಗೆ ಮಾಡಲಾರದು. ವೃತ್ತ ಕೊರೆಯಹೋದರೆ ಮೊಟ್ಟೆಯಾಕಾರ ಬರುತ್ತದೆ.

ಎರಡನೆಯದು ತಿರುಪು ದಂಡವನ್ನು ಕೂಡಿಸುವ ವಿಷಯ. ಜಾರುವ ಭಾಗವನ್ನು ಕಂಬಿಯ ಒಂದು ತುದಿಗೆ ತಂದು ಅಲ್ಲಿಯ ತಿರುಪನ್ನು ಬಿಗಿಯುವುದು, ಮತ್ತೊಂದು ತುದಿಗೆ ಒಯ್ದು ಅಲ್ಲಿಯದನ್ನು ಬಿಗಿಯುವುದು—ಹೀಗೆ ಮಾಡಿದರೆ ದಂಡವೂ ಕಂಬಿಯೂ ಸಮಾನಾಂತರವಾಗುತ್ತವೆ. ಬೆರಳಿನಿಂದ ದಂಡವನ್ನು ತಿರುಗಿಸಿದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದದಲ್ಲಿ ಸುತ್ತಬೇಕು. ಎಲ್ಲಿಯಾದರೂ ಬಿಗಿಯಾದರೆ ಅಲ್ಲಿ ಮೋಟಾರು ಹೆಜ್ಜೆ ತಪ್ಪಿಸುತ್ತದೆ. ಹೆಜ್ಜೆ ತಪ್ಪಿದುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಏಕೆಂದರೆ ಈ ಬಗೆಯ ಯಂತ್ರ ಆಜ್ಞೆ ಕೊಡುತ್ತದೆಯೇ ಹೊರತು ಆಜ್ಞೆ ನಡೆಯಿತೇ ಎಂದು ವಿಚಾರಿಸುವುದಿಲ್ಲ. ಅಲ್ಲಿಂದ ಮುಂದೆ ಕೊರೆದುದೆಲ್ಲ ಪಕ್ಕಕ್ಕೆ ಸರಿದುಬಿಡುತ್ತದೆ.

ಮೂರನೆಯದು ಸಡಿಲ. ದಂಡದ ದಿಕ್ಕು ಬದಲಾದಾಗ ಕೂದಲೆಳೆಯಷ್ಟು ಹೊತ್ತು ದಂಡ ಸುತ್ತಿದರೂ ಅಲಗು ಸರಿಯುವುದಿಲ್ಲ. ಇದನ್ನು ತಡೆಯಲು ಎರಡು ನಟ್ಟುಗಳ ನಡುವೆ ಸ್ಪ್ರಿಂಗ್ ಒಂದನ್ನು ಒತ್ತಿ ಕೂರಿಸುತ್ತಾರೆ. ಅಳತೆಯ ಪರೀಕ್ಷೆ ಮಾಡುವಾಗ, ಎಂದರೆ ೧೦೦ ಮಿಲಿಮೀಟರ್ ಸರಿಯೆಂದು ಹೇಳಿ ನಿಜವಾಗಿ ಎಷ್ಟು ಸರಿಯಿತೆಂದು ನೋಡುವಾಗ, ಎರಡು ಗುರುತುಗಳನ್ನೂ ಒಂದೇ ದಿಕ್ಕಿನಿಂದ ಬಂದು ಮುಟ್ಟಬೇಕು. ಇಲ್ಲವಾದರೆ ಸಡಿಲದ ದೋಷವನ್ನು ೮೦೦ ಎಂಬ ಸಂಖ್ಯೆಯ ದೋಷವೆಂದು ತಿಳಿದು, ಸರಿಯಾದುದನ್ನು ಕೆಡಿಸಿದಂತಾಗುತ್ತದೆ.

ವಿದ್ಯುತ್ತಿನ ಬಗೆಗೆ ಒಂದು ಮಾತು. ಫಲಕಕ್ಕೆ ವಿದ್ಯುತ್ತು ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕೀಳುವುದಾಗಲಿ ಸೇರಿಸುವುದಾಗಲಿ ಕೂಡದು; ಅದನ್ನು ನಡೆಸುವ ಸಣ್ಣ ಬಿಲ್ಲೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುವ ಸಂಭವವುಂಟು.

೪. ಯಂತ್ರದ ಭಾಷೆ

ಭಾಷಾಭ್ಯಾಸಿಗಳಿಗೆ ರುಚಿಸುವ ಭಾಗ ಇದು. ಯಂತ್ರಕ್ಕೆ ಜಿ-ಕೋಡ್ ಎಂಬ ಭಾಷೆಯಲ್ಲಿ ಆಜ್ಞೆ ಕೊಡಬೇಕು. ಅದರ ವ್ಯಾಕರಣ ಅತಿ ಸರಳ: ಒಂದು ಅಕ್ಷರ, ಒಂದು ಸಂಖ್ಯೆ. ಅಕ್ಷರವನ್ನು ಕ್ರಿಯೆ ಅಥವಾ ದಿಕ್ಕೆಂದೂ ಸಂಖ್ಯೆಯನ್ನು ಅದರ ವಿಶೇಷಣವೆಂದೂ ತಿಳಿಯಬಹುದು. ‘ಜಿ ೨೧’ ಎಂದರೆ ಅಳತೆಗಳು ಮಿಲಿಮೀಟರಿನಲ್ಲಿವೆ ಎಂದರ್ಥ. ‘ಜಿ ೯೦’ ಎಂದರೆ ದೂರಗಳನ್ನೆಲ್ಲ ಒಂದೇ ಮೂಲಬಿಂದುವಿನಿಂದ ಎಣಿಸು ಎಂದರ್ಥ. ‘ಜಿ ೦’ ಎಂದರೆ ಕೊರೆಯದೆ ಶೀಘ್ರವಾಗಿ ಸರಿ. ‘ಜಿ ೧’ ಎಂದರೆ ಹೇಳಿದ ವೇಗದಲ್ಲಿ ನೇರವಾಗಿ ಕೊರೆಯುತ್ತ ಸರಿ. ‘ಜಿ ೨’ ಎಂದರೆ ಗಡಿಯಾರದ ಮುಳ್ಳಿನಂತೆ ಬಾಗುತ್ತ ಸಾಗು. ‘ಜಿ ೩’ ಅದಕ್ಕೆ ವಿರುದ್ಧ. ‘ಎಂ ೩’ ಎಂದಾಗ ಅಲಗು ಸುತ್ತಲಾರಂಭಿಸುತ್ತದೆ. ‘ಎಂ ೫’ ಎಂದಾಗ ನಿಲ್ಲುತ್ತದೆ.

ನಮ್ಮ ಅನುಸ್ವಾರದ ಸೊನ್ನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೨೦ ಮಿಲಿಮೀಟರ್ ವ್ಯಾಸದ ಸೊನ್ನೆಗೆ ಈ ನಾಲ್ಕು ಸಾಲುಗಳು ಸಾಕು:

ಜಿ ೦ ಎಕ್ಸ್ ೨೦ ವೈ ೧೦
ಜಿ ೧ ಝಡ್ -೦.೫ ಎಫ್ ೧೦೦
ಜಿ ೨ ಎಕ್ಸ್ ೨೦ ವೈ ೧೦ ಐ -೧೦ ಜೆ ೦ ಎಫ್ ೪೦೦
ಜಿ ೦ ಝಡ್ ೫

ಅಲಗು ಮೇಲೆತ್ತಿದ್ದು ಸುತ್ತುತ್ತಿದೆಯೆಂದು ಭಾವಿಸಿ ಇದನ್ನು ಓದಬೇಕು. ಮೊದಲನೆಯ ಸಾಲು ಅಲಗನ್ನು ಸೊನ್ನೆಯ ಬಲಬದಿಗೆ ತರುತ್ತದೆ. ಎರಡನೆಯದು ಅದನ್ನು ಅರ್ಧ ಮಿಲಿಮೀಟರ್ ಮರದೊಳಕ್ಕೆ ಇಳಿಸುತ್ತದೆ. ಮೂರನೆಯದು ಎಡಕ್ಕೆ ೧೦ ಮಿಲಿಮೀಟರ್ ದೂರದಲ್ಲಿರುವ ಕೇಂದ್ರವನ್ನು ಸುತ್ತಿ ಹೊರಟ ಜಾಗಕ್ಕೇ ಮರಳಿಸುತ್ತದೆ. ನಾಲ್ಕನೆಯದು ಅಲಗನ್ನು ಮೇಲೆತ್ತುತ್ತದೆ. ಈ ಭಾಷೆಯಲ್ಲಿ ಶ್ಲೇಷೆಯಿಲ್ಲ, ಧ್ವನಿಯಿಲ್ಲ, ಹೇಳಿದುದಷ್ಟೇ ಅರ್ಥ. ಹಲಗೆಯನ್ನು ಹಿಡಿದಿರುವ ಕಬ್ಬಿಣದ ಹಿಡಿಕೆಯ ಮೇಲೆಯೇ ಹಾದುಹೋಗೆಂದರೂ ಯಂತ್ರ ಮರುಮಾತಾಡದೆ ಹಾದುಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಯಂತ್ರದ ಪಕ್ಕದ ಗೋಡೆಯ ಮೇಲೆ ಬರೆದಿಡುವುದು ಲೇಸು.

ಆದುದರಿಂದ ಮೊದಲ ಪರೀಕ್ಷೆಗೆ ಅಲಗು ಬೇಡ. ಅದರ ಜಾಗದಲ್ಲಿ ಲೇಖನಿಯೊಂದನ್ನು ಕಟ್ಟಿ, ಸುತ್ತುವ ಮೋಟಾರನ್ನು ನಿಲ್ಲಿಸಿಟ್ಟು, ಕಾಗದದ ಮೇಲೆ ಬರೆಯಿಸಿ ನೋಡಬೇಕು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾದರೆ ಒಂದು ಅಕ್ಷದ ದಿಕ್ಕು ತಿರುಗಿದೆ ಎಂದು ತಿಳಿಯಬೇಕು. ತಂತ್ರಾಂಶದಲ್ಲಿ ಅದನ್ನು ತಿದ್ದಬಹುದು. ಕಾಗದ ಹಾಳಾದರೆ ನಷ್ಟವಿಲ್ಲ.

೫. ಕನ್ನಡ ಅಕ್ಷರದ ಬೆನ್ನೆಲುಬು

ಯಂತ್ರ ಸಿದ್ಧವಾದ ಮೇಲೆ ನಿಜವಾದ ತೊಡಕು ಎದುರಾಯಿತು. ಅದು ಯಂತ್ರದ್ದಲ್ಲ, ಲಿಪಿಯದು. ಗಣಕಯಂತ್ರದಲ್ಲಿ ನಾವು ಬಳಸುವ ಅಕ್ಷರವಿನ್ಯಾಸಗಳಲ್ಲಿ ಅಕ್ಷರದ ಹೊರಗೆರೆ ಮಾತ್ರ ಇರುತ್ತದೆ. ಎಂದರೆ ಶಾಯಿ ತುಂಬಬೇಕಾದ ಪ್ರದೇಶದ ಎಲ್ಲೆ. ಅದನ್ನು ಹಾಗೆಯೇ ಕೊರೆಯಿಸಿದರೆ ಒಂದು ಗೆರೆಯ ಬದಲು ಎರಡು ಗೆರೆಗಳು ಬರುತ್ತವೆ. ಮಗುವಿನ ಕಡ್ಡಿ ಓಡಬೇಕಾದ ದಾರಿ ಆ ಎರಡರ ನಡುವಣ ಗೆರೆ, ಅಕ್ಷರದ ಬೆನ್ನೆಲುಬು. ಜೊತೆಗೆ ಆ ಗೆರೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದು ಹೊರಗೆರೆಯಿಂದ ತಿಳಿಯುವುದೇ ಇಲ್ಲ.

ಒಂಟಿಗೆರೆಯ ಅಕ್ಷರಗಳನ್ನು ೧೯೬೭ರಲ್ಲಿಯೇ ಅಮೆರಿಕದ ನೌಕಾದಳದ ಪ್ರಯೋಗಶಾಲೆಯೊಂದರಲ್ಲಿ ಹರ್ಷೆ ಎಂಬ ವಿಜ್ಞಾನಿ ರಚಿಸಿ ಪ್ರಕಟಿಸಿದ್ದನು. ಅವು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ರೋಮನ್, ಗ್ರೀಕ್, ರಷ್ಯನ್ ಅಕ್ಷರಗಳಿವೆ, ಜಪಾನಿನ ಅಕ್ಷರಗಳೂ ಇವೆ. ಕನ್ನಡಕ್ಕೆ ಅಲ್ಲಿ ಎಡೆಯಿಲ್ಲ. ಆತನಿಗೆ ಅದರ ಅಗತ್ಯ ಬೀಳಲಿಲ್ಲ, ಅಗತ್ಯವಿರುವವರು ನಾವು. ಹಾಗಾಗಿ ‘ಅ’ದಿಂದ ‘ಳ’ದವರೆಗೆ ಒಂದೊಂದು ಅಕ್ಷರವನ್ನೂ, ಹಿರಿಯರು ಸ್ಲೇಟಿನ ಮೇಲೆ ತಿದ್ದಿಸುವ ಕ್ರಮದಲ್ಲಿಯೇ, ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಒಂಟಿಗೆರೆಯಾಗಿ ಎಳೆದೆನು. ಈ ಕೆಲಸಕ್ಕೆ ಯಂತ್ರವನ್ನು ಜೋಡಿಸಿದುದಕ್ಕಿಂತ ಹೆಚ್ಚು ದಿನಗಳು ಹಿಡಿದುವು. ತಲೆಕಟ್ಟನ್ನು ಮೊದಲು ಬರೆಯಬೇಕೇ ಕೊನೆಗೆ ಬರೆಯಬೇಕೇ, ‘ಋ’ಕಾರದಲ್ಲಿ ಕೈ ಎಷ್ಟು ಸಲ ಮೇಲೇಳಬೇಕು ಎಂಬ ಪ್ರಶ್ನೆಗಳಿಗೆ ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಉತ್ತರವಿಲ್ಲ. ಅಂಗನವಾಡಿಯ ಶಿಕ್ಷಕಿಯರನ್ನೂ ನಮ್ಮ ಕನ್ನಡ ಅಧ್ಯಾಪಕರನ್ನೂ ಕೇಳಿಯೇ ತೀರ್ಮಾನಿಸಬೇಕಾಯಿತು.

ಒಂದು ಸಮಾಧಾನದ ಸಂಗತಿಯೂ ಕಂಡುಬಂತು. ಸುತ್ತುವ ಅಲಗು ದುಂಡಗಿರುವುದರಿಂದ ಒಳಮೂಲೆಯನ್ನು ಅದು ಎಂದೂ ಚೂಪಾಗಿ ಕೊರೆಯಲಾರದು. ಮೂಲೆಗಳುಳ್ಳ ಲಿಪಿಗಳಿಗೆ ಇದು ಕೊರತೆ. ನಮ್ಮ ಲಿಪಿಯಾದರೋ ದುಂಡು. ಉದ್ದನೆಯ ನೇರಗೆರೆಗಳು ತಾಳೆಯ ಗರಿಯನ್ನು ಸೀಳುತ್ತಿದ್ದುದರಿಂದ ಕಂಟದಿಂದ ಬರೆಯುತ್ತಿದ್ದವರ ಕೈಯಲ್ಲಿ ದಕ್ಷಿಣದ ಲಿಪಿಗಳು ದುಂಡಗಾದುವೆಂದು ಲಿಪಿಯನ್ನು ಅಭ್ಯಸಿಸಿದವರು ಹೇಳುವುದುಂಟು. ಗರಿಗೆ ಹೊಂದಿಕೊಂಡ ಆ ದುಂಡುತನ ಇಂದು ಈ ಯಂತ್ರಕ್ಕೂ ಹೊಂದಿಕೊಂಡಿತು.

೬. ಕೊರೆತದ ಹದ

ತುದಿ ಗುಂಡಗಿರುವ, ೩ ಮಿಲಿಮೀಟರಿಗಿಂತ ತುಸು ದಪ್ಪದ, ಎರಡು ಬಾಯಿಗಳ ಅಲಗನ್ನು ಆರಿಸಿಕೊಂಡೆನು. ಅದು ಚೂಪು ಅಂಚಿಲ್ಲದ ತಳವನ್ನು ಬಿಡುತ್ತದೆ. ಮಗುವಿನ ಕಡ್ಡಿ ಸಿಕ್ಕಿಕೊಳ್ಳುವುದಿಲ್ಲ. ಅಲಗು ನಿಮಿಷಕ್ಕೆ ಸುಮಾರು ೧೦,೦೦೦ ಸುತ್ತು ಸುತ್ತುತ್ತದೆ. ಎರಡು ಬಾಯಿಗಳಾದುದರಿಂದ ನಿಮಿಷಕ್ಕೆ ೨೦,೦೦೦ ಸಲ ಮರವನ್ನು ಕಚ್ಚುತ್ತದೆ. ನಿಮಿಷಕ್ಕೆ ೪೦೦ ಮಿಲಿಮೀಟರ್ ಮುಂದೆ ಸರಿದರೆ ಒಂದೊಂದು ತುತ್ತು ೦.೦೨ ಮಿಲಿಮೀಟರ್ ಆಗುತ್ತದೆ. ವೇಗವನ್ನು ತೀರ ತಗ್ಗಿಸಿದರೆ ಒಳ್ಳೆಯದೆಂದು ತೋರಬಹುದು. ಆದರೆ ತುತ್ತು ಅತಿ ಸಣ್ಣದಾದರೆ ಅಲಗು ಕಚ್ಚದೆ ಬರಿಯ ಉಜ್ಜುತ್ತದೆ, ಮರ ಕರಿಕಾಗಿ ಹೊಗೆಯಾಡುತ್ತದೆ. ತೀರ ಹೆಚ್ಚಿಸಿದರೆ ಚೌಕಟ್ಟು ನಡುಗುತ್ತದೆ, ಅಲಗು ಮುರಿಯುತ್ತದೆ. ಶಬ್ದವೇ ಇದಕ್ಕೆ ದಾರಿದೀಪ: ಹದವಾದ ಕೊರೆತದ ದನಿ ಒಂದೇ ಶ್ರುತಿಯಲ್ಲಿರುತ್ತದೆ, ಹೊರಬೀಳುವುದು ಹಿಟ್ಟಲ್ಲ, ಸಣ್ಣ ಸಣ್ಣ ಚಕ್ಕೆ.

ಆಳವನ್ನು ಒಂದೇ ಸಲಕ್ಕೆ ಸಾಧಿಸಬಾರದು. ಅರ್ಧರ್ಧ ಮಿಲಿಮೀಟರಿನಂತೆ ಮೂರು ಸಲ ಕೊರೆದು ಒಂದೂವರೆ ಮಿಲಿಮೀಟರ್ ಆಳ ಪಡೆದೆನು. ಒಂದು ಅಕ್ಷರದ ದಾರಿ ೩೦೦ ಮಿಲಿಮೀಟರ್ ಉದ್ದವಿದ್ದರೆ ಒಂದು ಸುತ್ತಿಗೆ ೪೫ ಸೆಕೆಂಡು, ಮೂರಕ್ಕೆ ಎರಡೂಕಾಲು ನಿಮಿಷ. ಹಲಗೆಯನ್ನು ಕಟ್ಟಿ, ಅಲಗಿನ ಕೆಳಗೆ ಒಂದು ಕಾಗದದ ಚೂರನ್ನು ಸರಿಸುತ್ತ ಅದು ಆಗಷ್ಟೇ ಹಿಡಿದುಕೊಳ್ಳುವ ಎತ್ತರವನ್ನು ಶೂನ್ಯವೆಂದು ಗೊತ್ತುಮಾಡುವ ಹೊತ್ತನ್ನೂ ಸೇರಿಸಿದರೆ ಹಲಗೆಗೆ ಹತ್ತು ನಿಮಿಷ ಸಾಕು.

ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಕಡ್ಡಾಯ. ಅಂಟು ಬೆರೆಸಿ ಒತ್ತಿದ ಹಲಗೆಗಳ ಧೂಳು ಮರದ ಧೂಳಿಗಿಂತ ಕೆಟ್ಟದ್ದು. ಸೆರಗು, ದುಪ್ಪಟ, ಜಡೆ, ಸಡಿಲ ತೋಳು ಯಾವುದೂ ಸುತ್ತುವ ಅಲಗಿನ ಬಳಿ ಸುಳಿಯಬಾರದು. ಕೈಗವಸು ಹಾಕಿದರೆ ಕ್ಷೇಮವೆಂಬುದು ಅಪಾಯಕರವಾದ ಭ್ರಾಂತಿ. ಅಲಗು ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ವಿದ್ಯುತ್ ನಿಲ್ಲಿಸುವ ಗುಂಡಿ ಕೈಗೆಟಕುವಂತಿರಬೇಕು. ಯಂತ್ರ ಓಡುತ್ತಿರುವಾಗ ಅದನ್ನು ಬಿಟ್ಟು ಆಚೆ ಹೋಗಬಾರದು.

೭. ಯಂತ್ರ ಮತ್ತು ಬಡಗಿ

ಹೀಗೆ ಯಂತ್ರ ಹತ್ತು ನಿಮಿಷಗಳಲ್ಲಿ ಮಾಡುವುದಾದರೆ ಬಡಗಿಯ ಗತಿ ಏನು? ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಚರ್ಚಿಸುವ ಪ್ರಶ್ನೆ ನಮ್ಮ ಮನೆಯ ಪಡಸಾಲೆಯಲ್ಲಿಯೇ ಎದುರು ನಿಂತಿತು. ‘ಅ’ಕಾರ ಕೊರೆದುಕೊಟ್ಟ ಬಡಗಿಯವರು ಯಂತ್ರ ನೋಡಲು ಬಂದರು. ಒಂದು ಹಲಗೆ ಮುಗಿಯುವವರೆಗೆ ಮಾತಾಡದೆ ನಿಂತಿದ್ದು, ಆಮೇಲೆ ಅದರ ಮೇಲೆ ಬೆರಳಾಡಿಸಿ, ಎಳೆಗೆ ಅಡ್ಡವಾಗಿ ಹೋದ ಕಡೆ ಅಂಚು ಸಿಬಿರೆದ್ದಿದೆ, ಈ ಮರ ಇನ್ನೂ ಹಸಿ, ಮಳೆಗಾಲಕ್ಕೆ ಬಾಗುತ್ತದೆ ಎಂದರು. ಅವರು ಹೇಳಿದುದು ಅಕ್ಷರಶಃ ನಿಜವಾಗಿತ್ತು. ಯಂತ್ರಕ್ಕೆ ಮರದ ಎಳೆ ಕಾಣುವುದಿಲ್ಲ, ಹಸಿ ಒಣಗು ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಮರ ಆರಿಸುವುದು, ಒಣಗಿಸಿ ಹತ್ತರಿ ಹಿಡಿದು ಹಲಗೆ ಮಾಡುವುದು, ಕೊರೆದ ಮೇಲೆ ಅಂಚು ಸವರಿ ಎಣ್ಣೆ ಕುಡಿಸುವುದು ಅವರ ಪಾಲಿಗೆ ಬಂತು. ಚನ್ನಪಟ್ಟಣದವರು ಗೊಂಬೆಗಳಿಗೆ ಬಳಸುವ ಹಾಲೆ ಮರವನ್ನು ಸೂಚಿಸಿದವರೂ ಅವರೇ. ಹಲಗೆಗೆ ಇಷ್ಟೆಂದು ಅವರಿಗೆ ಸಂದ ಹಣ ಅಂಗನವಾಡಿಗೂ ಭಾರವಾಗಲಿಲ್ಲ.

ಇದರಿಂದ ದೊಡ್ಡ ಸಿದ್ಧಾಂತವೊಂದನ್ನು ಮಂಡಿಸಲು ನಾನು ಹೊರಟಿಲ್ಲ. ಇದೇ ಬಗೆಯ ದೊಡ್ಡ ಯಂತ್ರಗಳು ಬಾಗಿಲಿನ ಚಿತ್ತಾರವನ್ನು ಕೊರೆಯುವೆಡೆಗಳಲ್ಲಿ ಕೈಕೆಲಸದವರ ಸಂಪಾದನೆಗೆ ಪೆಟ್ಟು ಬೀಳುವುದನ್ನು ಅಲ್ಲಗಳೆಯಲಾಗದು. ಆದರೆ ಯಂತ್ರ ಯಾರ ಕೈಯಲ್ಲಿರುತ್ತದೆಂಬುದರ ಮೇಲೆ ಅದರ ಫಲ ನಿಂತಿದೆ ಎಂಬುದಂತೂ ಸ್ಪಷ್ಟ. ಬಡಗಿಯವರ ಮಗ ಈಗ ವಾರಕ್ಕೆರಡು ಸಲ ಬಂದು ಜಿ-ಕೋಡ್ ಕಲಿಯುತ್ತಿದ್ದಾನೆ. ಎಳೆಯನ್ನು ನೋಡಿ ಕೊರೆತದ ದಿಕ್ಕನ್ನು ಬದಲಿಸುವ ಉಪಾಯ ಅವನಿಗೆ ನನಗಿಂತ ಬೇಗ ಹೊಳೆಯುತ್ತದೆ.

ನಲವತ್ತೊಂಬತ್ತು ಹಲಗೆಗಳು ಮುಗಿದು ಅಂಗನವಾಡಿಯನ್ನು ಸೇರಿವೆ. ಕಾಗುಣಿತ, ಒತ್ತಕ್ಷರಗಳು ಉಳಿದಿವೆ. ಒತ್ತಕ್ಷರಗಳ ಸಣ್ಣ ತಿರುವುಗಳಿಗೆ ಒಂದೂವರೆ ಮಿಲಿಮೀಟರಿನ ಅಲಗು ಬೇಕು. ಬೆನ್ನೆಲುಬು ಎಳೆಯಲು ಲಿಪಿಯನ್ನು ಬಲ್ಲ ಹಲವರ ಕೈ ಬೇಕು. ಇದುವರೆಗಿನ ರೇಖಾಚಿತ್ರಗಳ ಪ್ರತಿಯನ್ನು ಬೇಕೆಂದವರಿಗೆ ಸಂತೋಷದಿಂದ ಕೊಡುತ್ತೇನೆ. ತಂತ್ರಾಂಶ ಬರೆದವರು ನಮ್ಮಿಂದ ಬಿಡಿಕಾಸನ್ನೂ ಕೇಳಲಿಲ್ಲ. ನಮ್ಮ ಅಕ್ಷರಗಳನ್ನು ಹಂಚಿಕೊಳ್ಳಲು ನಾವು ಕೇಳುವುದು ತರವಲ್ಲ. ಹಳೆಗನ್ನಡವನ್ನೂ ಶಾಸನಗಳನ್ನೂ ಓದುವ ಮಿತ್ರರು ತಮ್ಮ ಬಿಡುವಿನ ವೇಳೆಯಲ್ಲಿ ದಿನಕ್ಕೊಂದು ಒತ್ತಕ್ಷರವನ್ನು ಎಳೆದುಕೊಟ್ಟರೂ ಬರುವ ವರ್ಷದೊಳಗೆ ಈ ಕೆಲಸ ಪೂರ್ಣವಾಗುತ್ತದೆ.